ರೇಡಿಯೊದಲ್ಲಿ ಬಂದ ಅವ್ವನ ನಗು

ಎಷ್ಟು ವರ್ಷ ನಡೆಯಿತು ನೋಡಿ ಆ ಕಾರ್ಯಕ್ರಮ, ಎಂದು ಯಾರಾದರೂ ಹೊಗಳಿದರೆ ನನಗೆ ಈಗಲೂ ಮೈ ಉರಿಯುತ್ತದೆ. ಎಪ್ಪತ್ತರ ದಶಕದಲ್ಲಿ, ನಾನಿನ್ನೂ ಲಂಗ ಹಾಕುತ್ತಿದ್ದಾಗ ಶುರುವಾದ ರೇಡಿಯೊ ಮಾತುಕತೆ ಅದು. ನಾನು ಮಗಳನ್ನು ಎತ್ತಿಕೊಂಡು ತವರಿಗೆ ಬಂದಾಗಲೂ ನಡೆದೇ ಇತ್ತು. ಮಧ್ಯಾಹ್ನ ಊಟದ ಹೊತ್ತು ಮುಗಿದರೆ ಸಾಕು, ಅದೇ ಇಬ್ಬರು ಅಕ್ಕಂದಿರು, ಅದೇ ಮಾತು: ಮಕ್ಕಳ ಕೆಮ್ಮು, ಅತ್ತೆಯ ಸಿಟ್ಟು, ಕೆಟ್ಟುಹೋದ ಉಪ್ಪಿನಕಾಯಿ. ಅವ್ವನಿಗೆ ಅದೆಂದರೆ ಪ್ರಾಣ.

ಜಗಳೂರಿನ ನಮ್ಮ ಓಣಿಯಲ್ಲಿ ಆಗ ರೇಡಿಯೊ ಇದ್ದದ್ದು ಸಾಹುಕಾರರ ಮನೆಯಲ್ಲಿ ಮಾತ್ರ. ಕೇಳಲು ಹೋದ ಹೆಂಗಸರು ಸುಮ್ಮನೆ ಕೂರುವಂತಿರಲಿಲ್ಲ. ಪ್ರತಿಯೊಬ್ಬರ ಮುಂದೆ ಒಂದು ಮೊರ ಬಿತ್ತನೆ ಶೇಂಗಾ ಬರುತ್ತಿತ್ತು. ಬೀಜಕ್ಕೆ ಅಂದಮೇಲೆ ಕಾಯಿ ನೆನೆಸುವಂತಿಲ್ಲ, ಕಾಳಿನ ಸಿಪ್ಪೆ ಹರಿಯುವಂತಿಲ್ಲ. ಒಣಕಾಯಿಯನ್ನು ಹೆಬ್ಬೆರಳಿನಲ್ಲೇ ಒತ್ತಿ ಒಡೆಯಬೇಕು. ಸಂಜೆ ಅವ್ವ ನೊಂದ ಆ ಬೆರಳನ್ನು ಮೇಲೆತ್ತಿಕೊಂಡೇ ರೊಟ್ಟಿ ತಟ್ಟುತ್ತಿದ್ದಳು. ಕೂಲಿ ಕೇಳಿದರೆ ಸಾಹುಕಾರರ ಹೆಂಡತಿ, "ರೇಡಿಯೊ ಪುಕ್ಕಟೆ ಕೇಳ್ತೀರಲ್ರೇ" ಎನ್ನುತ್ತಿದ್ದರು. ಎಂಥ ಉಪಕಾರ ಮಾರಾಯ್ರೆ ಅದು.

ಒಂದು ಬೇಸಿಗೆಯಲ್ಲಿ ಆ ಕಾರ್ಯಕ್ರಮದವರೇ ಊರಿಗೆ ಬಂದರು, ನಮ್ಮ ಕಡೆಯ ಹೆಂಗಸರ ಮಾತು ರೆಕಾರ್ಡು ಮಾಡಿಕೊಳ್ಳಲು. ನಾವು ಶೇಂಗಾ ಒಡೆಯುತ್ತಿದ್ದ ಸಾಹುಕಾರರ ಪಡಸಾಲೆಯಲ್ಲೇ ಮೈಕು ಇಟ್ಟರು. ಅವ್ವ ಬೆಳಿಗ್ಗೆಯೇ ತಲೆಗೆ ನೀರು ಹಾಕಿಕೊಂಡು, ಮದುವೆಯ ಸೀರೆ ಉಟ್ಟು ಹೋದಳು. ನಮ್ಮ ಕಾರ್ಯಕ್ರಮದಿಂದ ನಿಮಗೇನು ಅನುಕೂಲವಾಗಿದೆ ಎಂದು ರೇಡಿಯೊ ಅಕ್ಕ ಕೇಳಿದರು.

"ನಿಮ್ಮ ಮಾತು ಚೆಂದ ಐತ್ರೀ," ಎಂದಳು ಅವ್ವ. "ಆದ್ರೆ ಅದನ್ನ ಕೇಳಾಕೆ ದಿನಾ ಇವರ ಶೇಂಗಾ ಪುಕ್ಕಟೆ ಒಡಿತೀವಿ. ಹಿಂಗೆ ದುಡಿಸ್ಕೊಳ್ಳೋದು ಸರಿ ಏನು ಅಂತ ನೀವಾದ್ರೂ ಒಂದಿನ ರೇಡಿಯೊದಾಗೆ ಕೇಳ್ರಿ." ಇಷ್ಟು ಹೇಳಿ, ತನ್ನ ಧೈರ್ಯಕ್ಕೆ ತಾನೇ ನಾಚಿ ಜೋರಾಗಿ ನಕ್ಕಳು. ಆ ಮಾತು ಗಾಳಿಯಲ್ಲಿ ಬಂದರೆ ಕೂಲಿ ಕೊಡದೆ ಗತ್ಯಂತರವಿಲ್ಲ ಎಂದು ಓಣಿಯ ಹೆಂಗಸರೆಲ್ಲ ನಂಬಿದರು.

ಪ್ರಸಾರದ ದಿನ ಅದೇ ಪಡಸಾಲೆಯಲ್ಲಿ ಮೊರ ಮುಂದಿಟ್ಟುಕೊಂಡು ಕೂತೆವು. ಮೊದಲು ಸಾಹುಕಾರರ ಹೆಂಡತಿಯ ದನಿ: "ನಮ್ಮನೆಗೆ ಎಲ್ಲಾರೂ ಪ್ರೀತಿಯಿಂದ ಬರ್ತಾರ್ರೀ, ಕೈಗೆ ಸಿಕ್ಕ ಕೆಲಸ ಅವರೇ ಮಾಡ್ತಾರೆ." ಅದರ ಬೆನ್ನಿಗೇ ಅವ್ವನ ನಗು. ಅಷ್ಟೇ. ಮಾತನ್ನು ಕತ್ತರಿಸಿ ನಗುವನ್ನಷ್ಟೇ ಉಳಿಸಿಕೊಂಡಿದ್ದರು. ಹೌದು ಹೌದು ಎಂದು ಅವಳು ಒಪ್ಪಿದ ಹಾಗೆ ಕೇಳಿಸಿತು. ಕಟುಕರು.

ಅವ್ವ ಮೊರದಲ್ಲಿದ್ದ ಕಾಯಿಯನ್ನು ಚೀಲಕ್ಕೆ ವಾಪಸು ಸುರಿದಳು. "ನಗು ನಂದೇ. ನನ್ನ ಮಾತು ಎಲ್ಲೈತೆ?" ಎಂದು ಕೇಳಿ, ಉತ್ತರಕ್ಕೆ ಕಾಯದೆ ಮನೆಗೆ ಬಂದಳು. ಮತ್ತೆಂದೂ ಆ ಪಡಸಾಲೆ ಹತ್ತಲಿಲ್ಲ. ನಮ್ಮ ಮನೆಗೆ ರೇಡಿಯೊ ಬರಲೂ ಇಲ್ಲ.

ವರ್ಷಗಳ ಮೇಲೆ, ಕೈಕೂಸು ಎತ್ತಿಕೊಂಡು ನಾನು ಬಂದ ಆ ಮಧ್ಯಾಹ್ನ, ಅವ್ವ ಹಿತ್ತಲಲ್ಲಿ, ನಮಗೂ ಸಾಹುಕಾರರಿಗೂ ನಡುವಿನ ಗೋಡೆಗೆ ಕಿವಿಯಿಟ್ಟು ನಿಂತಿದ್ದಳು. ಆಚೆ ರೇಡಿಯೊದಲ್ಲಿ ಅದೇ ಅಕ್ಕ ಉಪ್ಪಿನಕಾಯಿಯ ಮಾತಾಡುತ್ತಿದ್ದರು. ಆ ಪೆಟ್ಟಿಗೆಯನ್ನು ಕಲ್ಲಿಗೆ ಅಪ್ಪಳಿಸಬೇಕೆನ್ನುವಷ್ಟು ಸಿಟ್ಟು ಬಂತು ನನಗೆ. ನನ್ನನ್ನು ಕಂಡವಳೇ ಅವ್ವ ಹಗ್ಗದ ಮೇಲೆ ಒಣಗಿದ್ದ ಸೀರೆಯನ್ನು ಎಳೆದುಕೊಂಡು, ಒಗೆಯುವ ಕಲ್ಲಿನ ಮೇಲೆ ಬಡಿಯತೊಡಗಿದಳು.