ಜೋಡಿ ಕಟ್ಟುವ ಸಣ್ಣಬೀರಯ್ಯ ಸುಮ್ಮನಿದ್ದ ದಿನ

ಊರಲ್ಲಿ ಒಂದು ಮೈಕ್ ಕಟ್ಟೋದಕ್ಕೆ ಪೊಲೀಸ್ ಠಾಣೆಯ ಅನುಮತಿ ಬೇಕು. ಟಿಕೆಟ್ ಮಾರಿ, ಇಬ್ಬರು ಗಂಡಾಳುಗಳನ್ನು ಬಲೆಯ ಬೋನಿನೊಳಗೆ ಬಿಟ್ಟು, ಒಬ್ಬನ ತಲೆಗೆ ಇನ್ನೊಬ್ಬ ಒದೆಯುವುದನ್ನು ತೋರಿಸುವಾಗ ಮಾತ್ರ, ಆ ತಲೆಗೆ ಮೊದಲೇ ಪೆಟ್ಟು ಬಿದ್ದಿದೆಯಾ ಅಂತ ಕೇಳುವವರಿಲ್ಲ. ಇದು ನಿಮಗೆ ಗೊತ್ತಿರಬೇಕು. ಗೊತ್ತಿಲ್ಲ ಅಂದರೆ ಸಣ್ಣಬೀರಯ್ಯನವರ ವಿಚಾರ ಕೇಳಿ.

ಕೆ.ಆರ್. ನಗರ ತಾಲ್ಲೂಕಿನ ಹೊಸ ಅಗ್ರಹಾರದಲ್ಲಿ ಅವರ ಗರಡಿ. ವಯಸ್ಸು ಅರವತ್ತೆಂಟು. ಎರಡೂ ಕಿವಿ ಒಣಗಿದ ಅಣಬೆಯ ಹಾಗೆ ಮುದುರಿಕೊಂಡಿವೆ. ಕುಸ್ತಿಯಲ್ಲಿ ಅವರು ಗೆದ್ದದ್ದು ಹೆಚ್ಚೇನಿಲ್ಲ. ಅವರ ಹೆಸರು ನಿಂತಿರುವುದು ಜೋಡಿ ಕಟ್ಟುವುದರಲ್ಲಿ.

ನಮ್ಮ ಕಡೆ ನಾಡಕುಸ್ತಿಗೆ ಒಂದು ವಾರ ಮುಂಚೆ ಪೈಲ್ವಾನರೆಲ್ಲ ಗರಡಿಗೆ ಬಂದು ಸಾಲಾಗಿ ನಿಲ್ಲುತ್ತಾರೆ. ಹಿರಿಯರೊಬ್ಬರು ಒಬ್ಬೊಬ್ಬನ ಕತ್ತು ಹಿಡಿದು, ಭುಜ ಅದುಮಿ, ಮಣಿಕಟ್ಟು ತಿರುಗಿಸಿ ನೋಡಿ, ಇವನಿಗೆ ಇವನು ಅಂತ ಇಬ್ಬರನ್ನು ಪಕ್ಕಪಕ್ಕ ನಿಲ್ಲಿಸುತ್ತಾರೆ. ಅದೇ ಜೋಡಿ. ಸಣ್ಣಬೀರಯ್ಯ ಮೂವತ್ತು ವರ್ಷದಿಂದ ಆ ಕೆಲಸ ಮಾಡಿದವರು. ಕತ್ತು ಹಿಡಿದಾಗ ಅವರು ಎಲ್ಲರಿಗೂ ಒಂದು ಪ್ರಶ್ನೆ ಹಾಕುತ್ತಿದ್ದರು: "ಕೊನೇ ಸಲ ಎಲ್ಲಿ ಬಿದ್ದಿದ್ದೆ?" ಸುಳ್ಳು ಹೇಳಿದವನು ಸಿಕ್ಕಿಬೀಳುತ್ತಿದ್ದ. ಎಚ್.ಡಿ. ಕೋಟೆಯಿಂದ ಪಿರಿಯಾಪಟ್ಟಣದವರೆಗೆ ಯಾವನು ಯಾವ ಊರಲ್ಲಿ ಬಿದ್ದ, ಯಾವ ಮೂಳೆ ಮುರಿಯಿತು, ಎಲ್ಲ ಅವರ ನೆನಪಿನಲ್ಲಿತ್ತು. ತಲೆಗೆ ಪೆಟ್ಟು ಬಿದ್ದವನಿಗೆ ಆ ವರ್ಷ ಜೋಡಿ ಇಲ್ಲ. ಶಾಸಕರೇ ಹೇಳಿಕಳಿಸಿದರೂ ಇಲ್ಲ.

ಹುಣಸೂರಿನ ನಂಜುಂಡೇಶನಿಗೂ ಅವರು ಒಂದು ಕಾಲದಲ್ಲಿ ಜೋಡಿ ಕಟ್ಟಿರಲಿಲ್ಲ. ಇನ್ನೂ ಕತ್ತು ಎಳಸು, ಎರಡು ವರ್ಷ ಸಾಮು ಮಾಡಿಕೊಂಡು ಬಾ ಅಂದಿದ್ದರು. ಅವನು ಬರಲಿಲ್ಲ. ದೊಡ್ಡವನಾದ ಮೇಲೆ ಹುಣಸೂರಿನ ಬೈಪಾಸಿನಲ್ಲಿ ಗಾಜಿನ ಗೋಡೆಯ ಜಿಮ್ ತೆರೆದ. ಆಮೇಲೆ ಬೋನಿನ ಫೈಟು ಶುರುಮಾಡಿದ. ಮೊದಲ ಸಲ ಜನ ನಕ್ಕರು, ಮೂರನೇ ಸಲ ಟಿಕೆಟ್ ಸಿಗಲಿಲ್ಲ ಅಂತ ಜಗಳವಾಡಿದರು.

ಸಣ್ಣಬೀರಯ್ಯನವರಿಗೆ ಜಿಮ್ಮೂ ನುಂಗಲಾರದ ತುತ್ತಾಗಿರಲಿಲ್ಲ, ಬೋನೂ ಆಗಿರಲಿಲ್ಲ. ನುಂಗಲಾಗದ್ದು ಮಹೇಶ್‌ಕುಮಾರ್.

ಕಂಪಲಾಪುರದ ಮಹೇಶ್‌ಕುಮಾರ್ ಹನ್ನೆರಡನೇ ವಯಸ್ಸಿಗೆ ಅವರ ಗರಡಿಗೆ ಬಂದವನು. ಹನ್ನೊಂದು ವರ್ಷ ಅಲ್ಲೇ ಮಣ್ಣು ಹದ ಮಾಡಿ, ಅಲ್ಲೇ ಉಂಡು ಬೆಳೆದ. ಅವನ ಕತ್ತನ್ನು ತಿಂಗಳು ತಿಂಗಳು ಅಳೆದು ಬೆಳೆಸಿದ್ದು ಅವರು. ಹೋದ ವರ್ಷ ಅವನು ಕಾಲಿಗೆ ಬಿದ್ದು, ಉಸ್ತಾದ್ರೆ, ನಂಜುಂಡೇಶಣ್ಣ ಕರೀತಾವ್ರೆ ಅಂದ. ಇವರು ಹೋಗು ಅನ್ನಲಿಲ್ಲ, ಬೇಡ ಅನ್ನಲಿಲ್ಲ, ಹದ ಮಾಡುತ್ತಿದ್ದ ಮಣ್ಣಿನಿಂದ ಕೈ ತೆಗೆಯಲೂ ಇಲ್ಲ. ಅವನು ಹೋದ.

ಆಮೇಲೆ ಕೆ.ಆರ್. ನಗರದ ಬಸ್ ಸ್ಟ್ಯಾಂಡಿನ ಎದುರು ಫ್ಲೆಕ್ಸ್ ಬಂತು. ಮಹೇಶ್‌ಕುಮಾರ್ ಬರಿಮೈಯಲ್ಲಿ ಎರಡಾಳೆತ್ತರ ನಿಂತಿದ್ದಾನೆ, ಕೆಳಗೆ 'ಕೋಚ್: ನಂಜುಂಡೇಶ್' ಅಂತ ಹಳದಿ ಅಕ್ಷರ. ಸಣ್ಣಬೀರಯ್ಯ ಅದನ್ನು ನೋಡಬಾರದು ಅಂತ ಹಿಂದಿನ ಬೀದಿಯಲ್ಲಿ ಸುತ್ತಿ ಹೋಗೋರು. ಅರ್ಧ ದಾರಿ ಹೋಗಿ, ವಾಪಸ್ ಬಂದು ನೋಡೋರು. ಟೀ ಅಂಗಡಿಯಲ್ಲಿ ಯಾರೋ, ಏನ್ ಕತ್ತು ಮಾಡವ್ನೆ ನಂಜುಂಡೇಶ ಅಂದದ್ದು ಕಿವಿಗೆ ಬಿದ್ದ ದಿನ ಅರ್ಧ ಟೀ ಬಿಟ್ಟು ಎದ್ದು ಬಂದರು.

ಹೆಂಡತಿ ಚಿಕ್ಕಸಿದ್ದಮ್ಮನ ಬಾಯಿಗೆ ಕಡಿವಾಣ ಇಲ್ಲ. "ನಾನ್ ತವರಿಗೆ ಓದ್ರೆ ಒಂದ್ ಪೋನ್ ಮಾಡೋರಲ್ಲ, ಆ ಬ್ಯಾನರ್ ತಾವ ದಿನಾ ಓಯ್ತೀರಲ್ಲ" ಅಂತ ಆಕೆ ಚುಚ್ಚಿದರೆ ಇವರು ತಟ್ಟೆ ನೋಡಿಕೊಂಡು ಮುದ್ದೆ ಮುರಿಯೋರು. ಅವರೇ ನನಗೆ ಹೇಳಿದ ಮಾತು ಇದು: ಹೊಟ್ಟೆಯೊಳಗೆ ಬೆಂಕಿ ಬಿದ್ದಾಗ ಮೊದಲು ಸುಡೋದು ನಾಲಿಗೆ ಅಲ್ಲವಂತೆ, ಕಣ್ಣಂತೆ. ಒಂದೇ ಆಸೆ ಉಳಿಯಿತಂತೆ. ಅವನು ಎಲ್ಲರ ಎದುರು ಬೀಳಬೇಕು, ಬಿದ್ದು ಗರಡಿಗೆ ವಾಪಸ್ ಬರಬೇಕು.

ಹುಣಸೂರಿನ ದೊಡ್ಡ ಫೈಟಿಗೆ ಒಂಬತ್ತು ದಿನ ಇರುವಾಗ ಮಹೇಶ್‌ಕುಮಾರ್ ಗರಡಿ ಬಾಗಿಲಿಗೆ ಬಂದ. ಬೋನಿಗೆ ಹೋದರೂ ಉಸ್ತಾದರನ್ನು ಕೇಳುವ ಅಭ್ಯಾಸ ಪೂರ್ತಿ ಬಿಟ್ಟಿರಲಿಲ್ಲ. ಎದುರಾಳಿಯ ಫೋಟೋವನ್ನು ಫೋನಿನಲ್ಲಿ ತೋರಿಸಿ, ಜೋಡಿ ಸರಿಯಾಗಿದೆಯಾ ನೋಡಿ ಅಂದ. ಮಾತಾಡಬಾರದು ಅಂದುಕೊಂಡಿದ್ದವರ ಕೈ ತಾನಾಗೇ ಅವನ ಕತ್ತಿಗೆ ಹೋಯಿತು. ಬಾಯಿಂದ ಹಳೇ ಪ್ರಶ್ನೆಯೇ ಬಂತು, ಕೊನೇ ಸಲ ಎಲ್ಲಿ ಬಿದ್ದಿದ್ದೆ ಅಂತ.

ಅವನು ಮುಚ್ಚಿಡಲಿಲ್ಲ. ವಾರದ ಕೆಳಗೆ ಕೊಡಗಿನ ಕಡೆ ಒಂದು ಹಾಲ್‌ನಲ್ಲಿ ಆಡಿದ್ದನಂತೆ, ಕಿವಿಯ ಮೇಲ್ಗಡೆ ಮೊಣಕಾಲು ಬಿತ್ತಂತೆ, ಎರಡು ಸಲ ವಾಂತಿಯಾಯಿತಂತೆ. ಈಗ ಬಿಸಿಲು ನೋಡಿದರೆ ತಲೆ ಸಿಡಿಯುತ್ತದೆ, ಮೊನ್ನೆ ಬೈಕನ್ನು ಹೋಟೆಲ್ ಮುಂದೆ ಮರೆತು ಬಸ್ಸಿನಲ್ಲಿ ಮನೆಗೆ ಹೋಗಿದ್ದ. ನಂಜುಂಡೇಶ ಮಾತ್ರೆ ಕೊಟ್ಟು ಏನೂ ಆಗಲ್ಲ ಅಂದಿದ್ದಾನೆ. ಇಷ್ಟು ಹೇಳಿ ಮಹೇಶ್‌ಕುಮಾರ್ ಅಂದ:

"ನೀವು ಬ್ಯಾಡ ಅಂದ್ರೆ ಬುಟ್ಬುಡ್ತೀನಿ ಉಸ್ತಾದ್ರೆ."

ಸಣ್ಣಬೀರಯ್ಯನವರ ಕೈ ಅವನ ಕತ್ತಿನ ಮೇಲೇ ಇತ್ತು. ಬೇಡ ಅನ್ನುವುದು ಒಂದು ಮಾತು. ಮೂವತ್ತು ವರ್ಷದಲ್ಲಿ ನೂರು ಜನಕ್ಕೆ ಹೇಳಿದ ಮಾತು. ಅವರು ಕೈ ತೆಗೆದು ಹೇಳಿದ್ದು:

"ನನ್ನ ಯಾಕ್ಲಾ ಕೇಳೀಯೆ? ಬ್ಯಾನರ್ ಮೇಲೆ ಯಾರೆಸ್ರದೆ, ಅವ್ನ್ನ ಕೇಳೋಗು."

ಹುಡುಗ ಫೋನು ಜೇಬಿಗೆ ಹಾಕಿಕೊಂಡು ಹೋದನಂತೆ.

ಇಷ್ಟಕ್ಕೇ ಮುಗಿದಿದ್ದರೆ ಮಾತು ತಪ್ಪಿ ಬಂತು ಅನ್ನಬಹುದಿತ್ತು. ಸೋಮವಾರ ಸಣ್ಣಬೀರಯ್ಯ ಬಿಳಿ ಅಂಗಿ ಹಾಕಿಕೊಂಡು, ಈ ಫೈಟು ನಿಲ್ಲಿಸಬೇಕು ಅಂತ ಎರಡು ಪುಟದ ಅರ್ಜಿ ಹಿಡಿದು ಹುಣಸೂರಿನ ತಾಲ್ಲೂಕು ಕಚೇರಿಗೆ ಹೋದರು. ಫೈಟೇ ನಿಂತರೆ ನಂಜುಂಡೇಶನ ಮಾನ ಹೋಗಿ ಹುಡುಗ ವಾಪಸ್ ಬಂದಾನು ಅನ್ನುವ ಲೆಕ್ಕ. ಅದರಲ್ಲಿ ಸಂಸ್ಕೃತಿ ಇತ್ತು, ಫೈಟಿನಲ್ಲಿ ಹಾಕುವ ಕಿವಿಗಡಚಿಕ್ಕುವ ಹಾಡಿತ್ತು, ನಾಡಕುಸ್ತಿಗೆ ಆಗುತ್ತಿರುವ ಅವಮಾನ ಇತ್ತು. ಮಹೇಶ್‌ಕುಮಾರನ ತಲೆ ಇರಲಿಲ್ಲ.

ಅಲ್ಲಿದ್ದ ಅಧಿಕಾರಿ, ಒಬ್ಬ ಹೆಣ್ಣುಮಗಳು, ಅರ್ಜಿಯನ್ನು ಪೂರ್ತಿ ಓದಿದರು. ಕುಸ್ತಿ, ಬಾಕ್ಸಿಂಗ್ ಆದರೆ ಸಂಘಗಳಿವೆ, ಈ ಬೋನಿನ ಆಟ ಯಾರ ಕೈಕೆಳಗೆ ಬರುತ್ತದೆ ಅಂತ ನನಗೇ ಸರಿಯಾಗಿ ಗೊತ್ತಿಲ್ಲ ಅಂದರು. ಕ್ರೀಡಾ ಇಲಾಖೆ ನಮ್ಮದಲ್ಲ ಅನ್ನುತ್ತದೆ, ಪೊಲೀಸರು ನೂಕುನುಗ್ಗಲು, ಪಾರ್ಕಿಂಗ್, ಮೈಕು ಮಾತ್ರ ನೋಡುತ್ತಾರೆ. ಆಮೇಲೆ ಪೆನ್ನು ಕೈಗೆ ತೆಗೆದುಕೊಂಡು ಕೇಳಿದರು:

"ಸಂಸ್ಕೃತಿ ಅಂತ ಬರೆದರೆ ನನ್ನ ಕೈಲಿ ಏನೂ ಆಗಲ್ಲ, ಯಜಮಾನ್ರೆ. ಆಡೋರಲ್ಲಿ ಯಾರಿಗಾದ್ರೂ ಮೊದಲೇ ಪೆಟ್ಟಾಗಿದೆಯಾ? ಅದೊಂದು ಸಾಲು ಬರ್ಕೊಡಿ, ಡಾಕ್ಟರ್ ಸರ್ಟಿಫಿಕೇಟ್ ಇಲ್ಲದೆ ಅವರನ್ನ ಬೋನಿಗೆ ಬಿಡಬಾರದು ಅಂತ ಈಗಲೇ ನೋಟಿಸ್ ಕಳಿಸ್ತೀನಿ."

ಹುಡುಗನನ್ನು ಉಳಿಸುವ ಕೆಲಸ ಒಂದು ಸಾಲಿಗೆ ಆಗಿಬಿಡುತ್ತಿತ್ತು. ಆದರೆ ಆ ಸಾಲು ಬರೆದರೆ ಫೈಟು ನಡೆಯುತ್ತದೆ, ಮಹೇಶ್‌ಕುಮಾರ್ ಮಾತ್ರ ಆಡುವುದಿಲ್ಲ. ತಲೆ ಗುಣವಾಗುವವರೆಗೆ ಅವನು ಹಾಯಾಗಿ ನಂಜುಂಡೇಶನ ಜಿಮ್ಮಿನಲ್ಲೇ ಕೂತಿರುತ್ತಾನೆ. ಫ್ಲೆಕ್ಸ್ ಅಲ್ಲೇ ಇರುತ್ತದೆ. ಇವರು ಕುರ್ಚಿಯ ಕೈ ಹಿಡಿದುಕೊಂಡು, "ನಂಗೊತ್ತಿರೋ ಅಂಗೆ ಯಾರ್ಗೂ ಇಲ್ಲ ಮೇಡಮ್ಮೋರೆ" ಅಂದರು.

ಅವರನ್ನು ಬೈಯುವುದು ಸುಲಭ. ನಾನೂ ಮುಖಕ್ಕೇ ಬೈದೆ. ಆದರೆ ಒಂದು ಮಾತು ಯೋಚನೆ ಮಾಡಿ. ನಾಲ್ಕು ತಾಲ್ಲೂಕಿನಲ್ಲಿ ಯಾರ ತಲೆಗೆ ಯಾವಾಗ ಪೆಟ್ಟು ಬಿತ್ತು ಅನ್ನುವ ಲೆಕ್ಕ ಒಬ್ಬ ಮುದುಕರ ನೆನಪಿನಲ್ಲಿ ಬಿಟ್ಟು ಬೇರೆಲ್ಲೂ ಇರಲಿಲ್ಲ. ಕಾಯಿದೆ ಕೂರಬೇಕಾದ ಜಾಗದಲ್ಲಿ ಒಬ್ಬರ ಒಳ್ಳೇತನ ಕೂತಿತ್ತು. ಅದು ಎದ್ದು ಹೋದ ದಿನ ಅದೇ ಜಾಗದಲ್ಲಿ ಹೊಟ್ಟೆಕಿಚ್ಚು ಬಂದು ಕೂತಿತು. ತಡೆಯೋದಕ್ಕೆ ಎರಡನೆಯವರು ಇರಲಿಲ್ಲ.

ಭಾನುವಾರ ಸಂಜೆ ಹುಣಸೂರಿನ ಕಲ್ಯಾಣ ಮಂಟಪ ತುಂಬಿತ್ತು. ಸಣ್ಣಬೀರಯ್ಯನವರೂ ಟಿಕೆಟ್ ತೆಗೆದುಕೊಂಡು ಮೂರನೇ ಸಾಲಿನಲ್ಲಿ ಕೂತಿದ್ದರು. ಮೊದಲ ರೌಂಡಿನಲ್ಲಿ ಮಹೇಶ್‌ಕುಮಾರ್ ಚೆನ್ನಾಗಿ ಆಡಿದ. ಜನ ಅವನ ಹೆಸರು ಕೂಗಿದರು, ನಂಜುಂಡೇಶ ಎರಡೂ ಕೈ ಮೇಲೆತ್ತಿದ, ಇವರ ಹೊಟ್ಟೆ ಇನ್ನಷ್ಟು ಉರಿಯಿತು. ಎರಡನೇ ರೌಂಡಿಗೆ ಎದ್ದಾಗ ಅವನ ಎಡಗೈ ಸೊಂಟದಿಂದ ಮೇಲಕ್ಕೆ ಬರಲಿಲ್ಲ. ಜನ ಅದನ್ನು ಸ್ಟೈಲು ಅಂದುಕೊಂಡರು. ಇವರೊಬ್ಬರಿಗೆ ಗೊತ್ತಾಯಿತು. ಎದ್ದು ನಿಂತು, ಫೈಟು ನಿಲ್ಲಿಸಿ ಅಂತ ಕೂಗಿದರಂತೆ. ಹಿಂದಿನ ಸಾಲಿನವರು ಕೂತ್ಕೊ ತಾತ ಅಂತ ಅಂಗಿ ಹಿಡಿದು ಎಳೆದರು. ಬಿದ್ದ ಏಟು ದೊಡ್ಡದೇನಲ್ಲ, ಗರಡಿಯಲ್ಲಿ ತಮಾಷೆಗೆ ಕೊಡುವಷ್ಟು. ಅವನು ಮುಂದಕ್ಕೆ ಕುಸಿದ, ಏಳಲಿಲ್ಲ.

ಡಾಕ್ಟರ್ ಅಂತ ಬಿಳಿ ಕೋಟು ಹಾಕಿಸಿ ಕೂರಿಸಿದ್ದವನು ಮೆಡಿಕಲ್ ಸ್ಟೋರಿನಲ್ಲಿ ಕೆಲಸ ಮಾಡುವವನು. ಅವನ ಹತ್ತಿರ ನೋವಿನ ಸ್ಪ್ರೇ ಇತ್ತು. ಆಂಬುಲೆನ್ಸ್ ಇರಲಿಲ್ಲ. ಬೋನು ಹೇರಿಕೊಂಡು ಬಂದ ಗೂಡ್ಸ್ ಗಾಡಿಯಲ್ಲೇ ಮಲಗಿಸಿ ಮೈಸೂರಿಗೆ ಒಯ್ದರು. ದಾರಿಯುದ್ದಕ್ಕೂ ಅವನ ತಲೆ ಅಲುಗದ ಹಾಗೆ ಕತ್ತು ಹಿಡಿದು ಕೂತಿದ್ದವರು ಸಣ್ಣಬೀರಯ್ಯ.

ಜೀವ ಉಳಿದಿದೆ. ತಲೆಬುರುಡೆ ತೆರೆದು ಮತ್ತೆ ಹೊಲಿದಿದ್ದಾರೆ. ಎಡಗೈ ಏಳುವುದಿಲ್ಲ. ನೀರು ಬೇಕಾದಾಗ ಮಣ್ಣು ಅನ್ನುತ್ತಾನೆ, ಆಮೇಲೆ ಅದಲ್ಲ ಅಂತ ತಾನೇ ತಲೆ ಆಡಿಸುತ್ತಾನೆ. ಈಗ ಅವನು ಇರುವುದು ಹೊಸ ಅಗ್ರಹಾರದ ಗರಡಿಯಲ್ಲೇ. ಸಣ್ಣಬೀರಯ್ಯ ಬಯಸಿದ ಹಾಗೇ ಆಗಿದೆ: ಎಲ್ಲರ ಎದುರು ಬಿದ್ದ, ವಾಪಸ್ ಬಂದ. ಬೆಳಿಗ್ಗೆ ಅವನ ಕತ್ತಿಗೆ ಎಣ್ಣೆ ತೀಡುವಾಗ ಅವರು ಅವನ ಮುಖ ನೋಡುವುದಿಲ್ಲ. ಚಿಕ್ಕಸಿದ್ದಮ್ಮ ಈಗ ಚುಚ್ಚುವುದಿಲ್ಲ. ಅದೇ ಅವರಿಗೆ ತಡೆಯಲಾಗದ್ದು.

ಹೋದ ತಿಂಗಳು ಅವರು ಅದೇ ಕಚೇರಿಗೆ ಮತ್ತೆ ಹೋದರು. ಈ ಸಲ ಒಂದೇ ಪುಟ. ನನಗೆ ಗೊತ್ತಿತ್ತು, ಕೇಳಿದಾಗ ಇಲ್ಲ ಅಂದೆ, ಹೊಟ್ಟೆಕಿಚ್ಚಿಗೆ ಅಂದೆ ಅಂತ ಬರೆದು ರುಜು ಹಾಕಿದರು. ಕೆಳಗೆ ಎರಡು ಬೇಡಿಕೆ. ಮಣ್ಣಾಗಲಿ ಬೋನಾಗಲಿ, ಬಿದ್ದವರ ಹೆಸರು, ದಿನ, ಪೆಟ್ಟು ಬರೆದಿಡುವ ಪುಸ್ತಕ ಸರ್ಕಾರದ ಹತ್ತಿರ ಇರಬೇಕು. ನಿಜವಾದ ಡಾಕ್ಟರು ಅದನ್ನು ನೋಡಿ ಒಪ್ಪದೆ ಯಾರೂ ಆಡಬಾರದು. ಅಧಿಕಾರಿ ಮೇಲಕ್ಕೆ ಕಳಿಸಿದ್ದಾರೆ. ಮೇಲೆ ಅದು ಪರಿಶೀಲನೆಯಲ್ಲಿದೆಯಂತೆ. ನಂಜುಂಡೇಶನ ಮುಂದಿನ ಫ್ಲೆಕ್ಸ್ ಮಾತ್ರ ಪಿರಿಯಾಪಟ್ಟಣದಲ್ಲಿ ಆಗಲೇ ಎದ್ದಿದೆ.

ನೀವು ಅದಕ್ಕೆ ಹೋಗುತ್ತೀರಿ, ನನಗೆ ಗೊತ್ತು. ಹೋಗಿ. ಆದರೆ ಕುರ್ಚಿಯಲ್ಲಿ ಕೂರುವ ಮುಂಚೆ, ಬೋನಿನ ಬಾಗಿಲು ಹಾಕುವ ಮುಂಚೆ, ಗಟ್ಟಿಯಾಗಿ ಕೇಳಿ: ಈ ಇಬ್ಬರು ಕೊನೇ ಸಲ ಎಲ್ಲಿ ಬಿದ್ದಿದ್ದರು, ನೋಡಿದ ಡಾಕ್ಟರ್ ಯಾರು? ಉತ್ತರ ಬರುವವರೆಗೆ ನಿಂತೇ ಇರಿ. ಕೂತ್ಕೊ ಅಂತ ಯಾರಾದರೂ ಅಂಗಿ ಎಳೆದರೆ ಅವರನ್ನೂ ಎಬ್ಬಿಸಿ ನಿಲ್ಲಿಸಿ.