ನಿಂಬೆ ಗಿಡಕ್ಕೆ ಹೊದಿಸಿದ ಕೌದಿ

ನಮ್ಮ ಮನೆ ಮಾಲಕಿಯ ಬಲಗೈ ಹೆಬ್ಬೆರಳಿನ ಉಗುರಿನ ಸಂದಿಯಲ್ಲಿ ಚಳಿಗಾಲ ಮುಗಿಯುವವರೆಗೂ ಹಸಿರು ಕೂತಿರುತ್ತಿತ್ತು. ರೊಟ್ಟಿ ಬಡಿಯುವ ಮೊದಲು ಎಷ್ಟು ತಿಕ್ಕಿ ತೊಳೆದರೂ ಪೂರ್ತಿ ಹೋಗುತ್ತಿರಲಿಲ್ಲ. ಗಿಡದಲ್ಲಿ ಜೀವವಿದೆಯೇ ಎಂದು ತೊಗಟೆ ಕೆರೆದು ನೋಡುವ ಉಗುರು ಅದು.

ಎಪ್ಪತ್ತರ ದಶಕದ ನಡುವಿನಲ್ಲಿ ನಾನು ನರ್ಸ್ ಆಗಿ ಇಂಡಿಗೆ ಬಂದು ಅವರ ಮುಂದಿನ ಕೋಣೆಯನ್ನು ಬಾಡಿಗೆಗೆ ಹಿಡಿದೆ. ಅವರಿಗೆ ಗಂಡ ಇರಲಿಲ್ಲ, ಮಕ್ಕಳೂ ಇರಲಿಲ್ಲ. ನಾನು ಅವರನ್ನು ಕಾಕು ಎನ್ನುತ್ತಿದ್ದೆ. ತರಬೇತಿಯ ಹಾಸ್ಟೆಲಿನಲ್ಲಿ ಗಂಟೆಯ ಸದ್ದಿಗೆ ಎದ್ದು, ಗಂಟೆಯ ಸದ್ದಿಗೆ ಉಂಡವಳು ನಾನು. ನನ್ನ ಓಡಾಟ ಕಂಡು ಕಾಕು ನಗುತ್ತಿದ್ದರು: "ನಿಮ್ಮ ಗಡಿಯಾರ ನಿಂತ್ರ ನೀವೂ ನಿಂತ ಬಿಡ್ತೀರೇನ್ರಿ ನರ್ಸಬಾಯಿ?"

ಹೊಲವನ್ನು ಅವರ ಮೈದುನ ನೋಡಿಕೊಳ್ಳುತ್ತಿದ್ದ. ಕಾಕುಗೆ ಹಿತ್ತಲೇ ಹೊಲ. ಎಳ್ಳಮಾವಾಸ್ಯೆಗೆ ಊರೆಲ್ಲ ಹೊಲಕ್ಕೆ ಹೋಗಿ ಭೂಮಿತಾಯಿಗೆ ಎಡೆಯ ಚರಗ ಚೆಲ್ಲಿದರೆ, ಇವರು ಸಜ್ಜೆ ಕಡುಬು, ಬದನೆಕಾಯಿ ಭರ್ತವನ್ನು ಹಿತ್ತಲಿನ ಸುತ್ತ ಚೆಲ್ಲಿ, ಮಲ್ಲಿಗೆ ಬಳ್ಳಿಯ ಪಕ್ಕ ಕೂತು ಉಣ್ಣುತ್ತಿದ್ದರು.

ಒಂದು ವರ್ಷ ಆ ಹಬ್ಬ ಕಳೆಯುತ್ತಲೇ ಕೆಟ್ಟ ಚಳಿ ಬಿತ್ತು. ಬೆಳಿಗ್ಗೆ ನೋಡಿದರೆ ಬಾಳೆ ಎಲೆಗಳು ಕುದಿನೀರು ಸುರಿದಂತೆ ಜೋತುಬಿದ್ದಿದ್ದವು. ಮಲ್ಲಿಗೆ ಕಪ್ಪಾಗಿತ್ತು. ಮೂಲೆಯ ನಿಂಬೆ ಗಿಡದ ಎಲೆಗಳು ಸುರುಳಿ ಸುತ್ತಿ ಕಂದಿದ್ದವು. ಅದು ಲಚ್ಯಾಣದ ತವರಿನಿಂದ ಕಾಕು ಮಡಿಲಲ್ಲಿಟ್ಟು ತಂದ ಸಸಿ. ಹಿಂದಿನ ಬೇಸಿಗೆಯಲ್ಲಷ್ಟೇ ಕಾಯಿ ಬಿಡಲು ಶುರು ಮಾಡಿತ್ತು.

ಸತ್ತದ್ದನ್ನು ಅವತ್ತೇ ತೆಗೆದು ಜಾಗ ಹಸನು ಮಾಡುವುದು ನನ್ನ ಪದ್ಧತಿ. ಕತ್ತರಿ ಹಿಡಿದು ಹಿತ್ತಲಿಗೆ ಇಳಿದೆ. ಕಾಕು ನನ್ನ ಕೈ ಹಿಡಿದರು.

"ಬ್ಯಾಡ್ರಿ. ಒಣಗಿದ ಎಲಿ ಈಗ ಅದರ ಹೊದಿಕಿ. ಚಳಿ ಇನ್ನೂ ಹೋಗಿಲ್ಲ. ಈಗ ಕತ್ತರಿಸಿದ್ರ ಚಿಗೀತೈತಿ, ಆ ಚಿಗುರೂ ಸುಟ್ಟು ಹೋಗ್ತೈತಿ."

"ಗೊಬ್ಬರಾನಾದ್ರೂ ಹಾಕೋಣ್ರಿ ಕಾಕು."

"ಹಡದ ದಿನಾನ ಬಾಣಂತಿಗಿ ಹೋಳಿಗಿ ಉಣಸ್ತೀರೇನು?"

ಬಾಣಂತನವೇ ಅವರ ಲೆಕ್ಕ. ಬಿಸಿಲೇರಿದ ಮೇಲೆ ಬುಡಕ್ಕೆ ಸ್ವಲ್ಪವೇ ನೀರು. ಸಂಜೆ ಕೋಲು ನೆಟ್ಟು, ಅದರ ಮೇಲೆ ಹರಕು ಸೀರೆ ಸೇರಿಸಿ ತಾವೇ ಹೊಲಿದ ಹಳೆಯ ಕೌದಿ. ಪಕ್ಕದಲ್ಲಿ ಅಗ್ಗಿಷ್ಟಿಕೆಯಲ್ಲಿ ಸಗಣಿ ಕುಳ್ಳಿನ ಕೆಂಡ. ಬಿಸಿಲು ಬೀಳುತ್ತಲೇ ಕೌದಿ ತೆಗೆದು ಗೋಡೆಗೆ ಹರವುತ್ತಿದ್ದರು.

ಅಷ್ಟರಲ್ಲಿ ಮೈದುನ ಬಂದ. ಆ ಮೂಲೆಯಲ್ಲಿ ಜೋಳ ತುಂಬಲು ಒಂದು ಕೋಣೆ ಕಟ್ಟಬೇಕೆಂದು ಅವನಿಗೆ ಬಹಳ ದಿನದ ಆಸೆ.

"ಕಾಯಿ ಬಿಡೂ ಗಿಡಕ್ಕ ಕೊಡ್ಲಿ ಹಚ್ಚಬಾರದಂತ ಸುಮ್ಮನಿದ್ದೆ ವೈನಿ. ಈಗ ಅದು ಬರೇ ಕಟ್ಟಿಗಿ."

"ಯುಗಾದಿ ಮಟ ತಡಿ ತಮ್ಮಾ. ಅದು ಸತ್ತಿದ್ರ ನಾನ ಕೊಡ್ಲಿ ತಂದ ಕೊಡ್ತೇನಿ."

ಅವನು ಒಪ್ಪಿದ. ಆದರೆ ಮರುವಾರವೇ ಮೂಲೆಗೆ ಕಲ್ಲು ಬಂದು ಬಿದ್ದವು. ಆ ಕಲ್ಲು ನೋಡಿ ಕಾಕುಗೂ ಆತುರ ಹತ್ತಿತು. ಆ ಸಂಜೆ ಅಗ್ಗಿಷ್ಟಿಕೆಯನ್ನು ಗಿಡಕ್ಕೆ ತೀರ ಹತ್ತಿರ ಸರಿಸಿದರು. ಬೆಳಿಗ್ಗೆ ನೋಡಿದರೆ ಒಂದು ಮಗ್ಗಲಿನ ತೊಗಟೆ ಸುಟ್ಟು ಬಿರಿದಿತ್ತು, ಕೌದಿಯ ಅಂಚೂ ಕಮರಿತ್ತು.

"ಭಾಳ ಮಾಯಾ-ಮಮತಾ ಮಾಡಾಕ ಹೋಗಿ ನಾನ ಸುಟ್ಟೆ ನೋಡ್ರಿ" ಎಂದು ನಕ್ಕರು. ಆ ದಿನ ಮಾತ್ರ ಊಟಕ್ಕೆ ಕೂಡಲಿಲ್ಲ.

ಯುಗಾದಿಗೆ ಮೊದಲೇ, ಹೋಳಿ ಹುಣ್ಣಿಮೆ ಮುಗಿಯುತ್ತಲೇ, ಮೈದುನ ಗೋಡೆ ಕಟ್ಟುವ ಗೌಂಡಿಯನ್ನು ಕರೆತಂದ. ಆಮೇಲೆ ಗೌಂಡಿ ಸಿಗುವುದಿಲ್ಲವಂತೆ. ಗಿಡದಲ್ಲಿ ಒಂದು ಚಿಗುರೂ ಇರಲಿಲ್ಲ. ಕಾಕು ಜಗಳ ಮಾಡಲಿಲ್ಲ. ಮೈದುನನ ಕೈ ಹಿಡಿದು ಗಿಡದ ಹತ್ತಿರ ಕರೆದೊಯ್ದರು.

"ನಿನ್ನ ಉಗುರ್ಲೆ ಕೆರಿ."

ಅವನು ತುದಿಯ ರೆಂಬೆ ಕೆರೆದ. ಒಳಗೆಲ್ಲ ಕಂದು. "ನೋಡ್ರಿ, ನಾ ಹೇಳಿದ್ದ ಖರೆ."

"ಕೆಳಗ ಬಾ."

ಟೊಂಗೆ ಕೆರೆದ. ಅದೂ ಒಣಗಿತ್ತು.

"ಇನ್ನೂ ಕೆಳಗ."

ಬುಡದ ಹತ್ತಿರ, ಸುಡದ ಮಗ್ಗಲಲ್ಲಿ, ಮೊಣಕಾಲೂರಿ ಕೂತು ಕೆರೆದ. ತೊಗಟೆಯ ಕೆಳಗೆ ಹಸಿರು ಗೆರೆ ಮೂಡಿತು. ಅವನ ಉಗುರು ಒದ್ದೆಯಾಯಿತು. ಅದನ್ನು ಮೂಗಿಗೆ ಹಿಡಿದು ನೋಡಿ, ಧೋತರಕ್ಕೆ ಒರೆಸಿಕೊಂಡು ಎದ್ದ.

"ಗೋಡಿ ಈ ಕಡಿ ಡೊಂಕ ಮಾಡೋ" ಎಂದ ಗೌಂಡಿಗೆ.

"ಡೊಂಕಾದ್ರ ಕೋಣಿ ಚಂದ ಕಾಣೂದಿಲ್ರಿ ಧಣಿ."

"ಜ್ವಾಳಾ ತುಂಬಾಕ ಚಂದ ಯಾಕ ಬೇಕೋ?"

ಯುಗಾದಿಯ ದಿನ ಕಾಕು ಬೇವು ಬೆಲ್ಲದ ಬಟ್ಟಲು ಹಿಡಿದು ನನ್ನ ಬಾಗಿಲಿಗೆ ಬಂದರು. "ಈಗ ನಿನ್ನ ಕತ್ತರಿ ತಾರವಾ" ಎಂದರು. ಅವರು ನನ್ನನ್ನು ಏಕವಚನದಲ್ಲಿ ಕರೆದದ್ದು ಅದೇ ಮೊದಲು. ಬುಡದಿಂದ ಎಳ್ಳಿನಷ್ಟು ಚಿಗುರು ಹೊರಟಿತ್ತು. ಜೀವ ಎಲ್ಲಿಯವರೆಗಿದೆ ಎಂದು ಅವರು ಉಗುರಿನಿಂದ ತೋರಿಸಿದರು, ಅದರ ಮೇಲಿನದನ್ನು ನಾನು ಕತ್ತರಿಸಿದೆ. ಆಮೇಲೆಯೇ ಬುಡಕ್ಕೆ ಗೊಬ್ಬರ ಬಿತ್ತು.

ಮುಂದೆ ನನಗೆ ಸಿಂದಗಿಗೆ ವರ್ಗವಾಯಿತು. ನಾನು ಇಂದಿಗೂ ಗಡಿಯಾರ ನೋಡಿಯೇ ಏಳುವವಳು. ಆದರೆ ಎಷ್ಟೋ ಸಲ ದವಾಖಾನೆಯಲ್ಲಿ, ಮಂಚದ ಸುತ್ತ ನಿಂತವರು ಆಸೆ ಬಿಟ್ಟಾಗ, ಇನ್ನಷ್ಟು ಹೊತ್ತು ಕೂತು ನೋಡುವ ತಾಳ್ಮೆ ನನಗೆ ಬಂದದ್ದು ಆ ಹಿತ್ತಲಿನಿಂದ.

ಕಾಕು ತೀರಿಕೊಂಡದ್ದೂ ಚಳಿಗಾಲದಲ್ಲೇ. ಸುದ್ದಿ ತಿಳಿದು ನಾನು ಇಂಡಿಗೆ ಹೋಗುವಷ್ಟರಲ್ಲಿ ದಿನಕರ್ಮವೆಲ್ಲ ಮುಗಿದಿತ್ತು. ಅವರ ಸೀರೆ, ಹಾಸಿಗೆಗಳನ್ನು ಪದ್ಧತಿಯಂತೆ ದಾನ ಕೊಟ್ಟುಬಿಟ್ಟಿದ್ದರು. ಸಂಜೆ ಮೈದುನ ನನ್ನನ್ನು ಹಿತ್ತಲಿಗೆ ಕರೆದೊಯ್ದ. ಡೊಂಕು ಗೋಡೆಯ ಮಗ್ಗಲಲ್ಲಿ, ಆಳೆತ್ತರ ಬೆಳೆದ ನಿಂಬೆ ಗಿಡಕ್ಕೆ ಅಂಚು ಕಮರಿದ ಆ ಕೌದಿ ಹೊದಿಸಿತ್ತು.

"ಇದನ್ನೂ ಕೊಟ್ಟಬಿಡು ಅಂದ್ರು ಮಂದಿ. ನಾ ಕೊಡ್ಲಿಲ್ರಿ ನರ್ಸಬಾಯಿ" ಎಂದ. ಆಮೇಲೆ, ನಾನು ಕೇಳದಿದ್ದರೂ, ಕೈ ತೋರಿಸಿ ಹೇಳಿದ: "ಅಗ್ಗಿಷ್ಟಿಗಿ ದೂರ ಇಟ್ಟೇನಿ."