ನನ್ನ ಹಗ್ಗದ ಜೋಡಿ

ಅಡುಗೆಮನೆಗೆ ಹಾಸಲು ತಂದ ತಾಂಡೂರು ಕಲ್ಲನ್ನು ಮೊನ್ನೆ ಅಂಗಳದಲ್ಲಿ ನೀರು ಬಿಟ್ಟು ಕೊಯ್ಯುತ್ತಿದ್ದರು. ಹಸಿ ಕಲ್ಲುಪುಡಿಯ ವಾಸನೆ ಮೂಗಿಗೆ ಬಡಿದದ್ದೇ ತಡ, ಅವಳು ನೆನಪಾದಳು... ಕಾಲೇಜಿನಲ್ಲಿ ನನ್ನ ಹಗ್ಗದ ಜೋಡಿ.

ನಾವು ಓದಿದ್ದು ಸಾಹಸ ಶಿಕ್ಷಣ ಮತ್ತು ನಾಯಕತ್ವ. ಗುಡ್ಡ ಹತ್ತುವುದಕ್ಕೂ ಡಿಗ್ರಿ ಬೇಕೇ ಎಂದು ಮೊಗುಡಂಪಲ್ಲಿಯ ನಮ್ಮ ನೆಂಟರೆಲ್ಲ ನಕ್ಕಿದ್ದರು. ಅವಳು ಕಂಗ್ಟಿ ಕಡೆಯ ಕುರಿ ಸಾಕುವವರ ಮಗಳು. ಒಬ್ಬಳು ಬಂಡೆ ಏರುವಾಗ ಇನ್ನೊಬ್ಬಳು ಕೆಳಗೆ ನಿಂತು ಹಗ್ಗ ಹಿಡಿಯಬೇಕು; ಹಾಗಾಗಿ ಜೋಡಿ. ಏರುವುದರಲ್ಲಿ ನಾನೇ ಮುಂದು. ಆದರೂ ಊಟಕ್ಕೆ ಹುಡುಗಿಯರೆಲ್ಲ ಅವಳ ಪಕ್ಕವೇ ಕೂರುತ್ತಿದ್ದರು. ನೋಡಿದರೆ ನನಗೆ ಮೈಯೆಲ್ಲ ಉರಿಯುತ್ತಿತ್ತು.

ಕೊನೆಯ ವರ್ಷದ ಶಿಬಿರಕ್ಕೆ ನಾಯಕಿ ಯಾರೆಂಬುದು ತಾಂಡೂರಿನ ಹಳೆಯ ಕಲ್ಲುಗಣಿಯಲ್ಲಿ ತೀರ್ಮಾನವಾಗುವುದಿತ್ತು. ಆ ಪಟ್ಟ ನನ್ನದೇ ಎಂದುಕೊಂಡಿದ್ದೆ. ಅವತ್ತೇ ನಮ್ಮ ಸರ್ ಹೊಸ ನಿಯಮ ತಂದರು: ಕೊರಳಲ್ಲಿ ಏನೂ ಇರಕೂಡದು, ಹಗ್ಗಕ್ಕೆ ಸಿಕ್ಕಿಕೊಂಡರೆ ಜೀವಕ್ಕೇ ಅಪಾಯ. ನನ್ನ ಕೊರಳಲ್ಲಿ ಇಷ್ಟಲಿಂಗದ ಬೆಳ್ಳಿ ಕರಡಿಗೆ. ಹುಟ್ಟಿದಾಗ ಕಟ್ಟಿದ್ದು, ಮೈಯಿಂದ ತೆಗೆದಿಡುವ ಮಾತೇ ಇಲ್ಲ. ಹಾಗಾದರೆ ಕೆಳಗೇ ಇರು ಎಂದರು ಸರ್. ಹಟ ಹಿಡಿದು ಕೂತೆ, ಅಳುವೇ ಬಂತು.

"ಕೊಳ್ಳಾಗ ಬ್ಯಾಡಂದ್ರ ರಟ್ಟಿಗಿ ಕಟ್ಟಲೇನ್ರಿ ಸರ್?" ಎಂದು ಕೇಳಿದವಳು ಅವಳು. ನಮ್ಮ ಮನೆಯ ಹಿರಿಯರು ಹಾಗೆ ಕಟ್ಟಿಕೊಂಡದ್ದನ್ನು ನಾನೇ ಕಂಡಿದ್ದೆ, ಆದರೆ ಹೊಳೆದದ್ದು ಅವಳಿಗೆ! ಸರ್ ಒಪ್ಪಿದರು. ನಾನು ಕರಡಿಗೆಯನ್ನು ತೋಳಿಗೆ ಒತ್ತಿ ಹಿಡಿದೆ; ಅವಳು ತನ್ನ ಓಢಣಿಯ ಅಂಚು ಹರಿದು ಬಿಗಿಯಾಗಿ ಸುತ್ತಿದಳು, ಮೇಲೆ ಅಂಗಿಯ ತೋಳು ಎಳೆದಳು. ಆಮೇಲೆ ಎಲ್ಲರಿಗಿಂತ ಮೊದಲು ನಾನೇ ತುದಿ ಮುಟ್ಟಿದೆ.

ಸರ್ ಹೇಳಿದ್ದು ಅವಳ ಹೆಸರು. ನಾನು ಜಗಳಕ್ಕೇ ಹೋದೆ.

"ಮದಲ ಏರಿದಾಕಿ ನೀನೇ, ಖರೆ. ಆದ್ರ ನಿನಗ ಏರಿಸಿದಾಕಿ ಅಕಿ," ಎಂದರು.

ಅವಳು ಹತ್ತಿರ ಬಂದಳು. ನಾನು ಮುಖ ತಿರುಗಿಸಿ ಬಸ್ಸು ಹತ್ತಿದೆ.

ಓದು ಮುಗಿದ ಮೇಲೂ ಪ್ರತಿ ವರ್ಷದ ಶಿಬಿರಕ್ಕೆ ಸರ್ ಅವಳನ್ನೇ ಕರೆಸುತ್ತಿದ್ದರು. ಮಕ್ಕಳ ನಡುವೆ ಅವಳು ನಗುತ್ತಿರುವ ಫೋಟೋ ಬಂದಾಗಲೆಲ್ಲ ಮೊಬೈಲ್ ಮಗುಚಿ ಇಡುತ್ತಿದ್ದೆ. ಹೋದ ಮಳೆಗಾಲದಲ್ಲಿ ಅವಳಿಗೆ ಕಾಮಾಲೆಯಾಯಿತು... ನೋಡಿ ಬರೋಣವೆಂದು ಜಹೀರಾಬಾದಿನಿಂದ ಹೊರಟವಳು ನಾರಾಯಣಖೇಡ ಮುಟ್ಟುವಷ್ಟರಲ್ಲಿ ಸುದ್ದಿ ಬಂತು.

ನಿನ್ನೆ ಸರ್ ಫೋನ್ ಮಾಡಿದ್ದರು. ಈ ಸಲದ ಶಿಬಿರ ನೀನೇ ನಡೆಸು ಎಂದರು. ಇಷ್ಟು ವರ್ಷ ನಾನು ಬಯಸಿದ ಜಾಗ. ಹ್ಞೂಂ ಎಂದೆ. ಫೋನ್ ಇಟ್ಟ ಮೇಲೂ ಹೊಟ್ಟೆಕಿಚ್ಚು ಹಾಗೇ ಇತ್ತು. ಪಡೋಣವೆಂದರೆ ಅವಳೇ ಇಲ್ಲ.